ಕ್ಲಿಪ್ ಹಾಕಿಸೋಕೆ ಮುಂಚೆ ಯಾವ ಎಕ್ಸ್‌ರೇ?

13 ವರ್ಷದ ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು, ಒಪಿಜಿ (ಎಲ್ಲ ಹಲ್ಲು, ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ) ಸಾಕೋ, ಸಿಬಿಸಿಟಿ ಸ್ಕ್ಯಾನೇ (ಮೂರು ಆಯಾಮದ ಎಕ್ಸ್‌ರೇ) ಬೇಕೋ ಅಂತ ಕೇಳಿದ್ದೀರಿ.

ಮೊದಲು ವಿಕಿರಣದ ಮಾತು. ಒಪಿಜಿಯಲ್ಲಿ ಮಗು ಕಡ್ಡಿ ಕಚ್ಚಿಕೊಂಡು ನಿಲ್ಲುತ್ತೆ, ಯಂತ್ರ ತಲೆಯ ಸುತ್ತ ಒಂದು ಸುತ್ತು ಹಾಕುತ್ತೆ. ಡೋಸ್ ಸುಮಾರು 10ರಿಂದ 25 ಮೈಕ್ರೋಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ). ನಾವು ಸುಮ್ನೆ ಮನೆಯಲ್ಲಿದ್ದರೂ ಕೆಲವೇ ದಿನಗಳಲ್ಲಿ ಪ್ರಕೃತಿಯಿಂದ ಅಷ್ಟು ಬರುತ್ತೆ. ಸೆಫಲೋಗ್ರಾಮ್, ಅಂದ್ರೆ ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇದು ಇನ್ನೂ ಕಮ್ಮಿ. ಸಿಬಿಸಿಟಿಯಲ್ಲಿ ಹತ್ತಾರರಿಂದ ನೂರಾರು ಮೈಕ್ರೋಸೀವರ್ಟ್‌ವರೆಗೂ ಹೋಗಬಹುದು. ಮಕ್ಕಳ ದೇಹಕ್ಕೆ ವಿಕಿರಣ ಹೆಚ್ಚು ತಾಗುತ್ತೆ, ಹಾಗಾಗಿ ಈ ಅಂತರ ಸಣ್ಣದಲ್ಲ.

ಕಾಣಿಸೋದರಲ್ಲಿ ಸಿಬಿಸಿಟಿ ಮುಂದೆ. ಕೋರೆಹಲ್ಲು ಮೂಳೆಯೊಳಗೇ ಅಡ್ಡ ಮಲಗಿ ಪಕ್ಕದ ಹಲ್ಲಿನ ಬೇರು ತಿನ್ನುತ್ತಿದೆಯಾ ಅಂತ ಒಪಿಜಿಯ ಚಪ್ಪಟೆ ಚಿತ್ರದಲ್ಲಿ ಖಚಿತವಾಗಿ ತಿಳಿಯಲ್ಲ. ಸೀಳುತುಟಿ, ದವಡೆ ಆಪರೇಷನ್ ಇದ್ದರೂ ಸಿಬಿಸಿಟಿಗೆ ಅರ್ಥವಿದೆ. ಆಗಲೂ ಬೇಕಾದ ಜಾಗವನ್ನಷ್ಟೇ ತೆಗೆಸಿ, ಡೋಸ್ ಇಳಿಯುತ್ತೆ.

ಖರ್ಚು? ಸಿಬಿಸಿಟಿ ಜಾಸ್ತಿನೇ.

ಹಲ್ಲು ಸ್ವಲ್ಪ ವಕ್ರ, ಕಿಕ್ಕಿರಿದಿದೆ ಅಷ್ಟೇ ಅಂದ್ರೆ ಒಪಿಜಿ, ಸೆಫಲೋಗ್ರಾಮ್ ಸಾಮಾನ್ಯವಾಗಿ ಸಾಕು. ಸಿಬಿಸಿಟಿ "ಎಲ್ಲರಿಗೂ ತೆಗೀತೀವಿ" ಅಂತ ಕ್ಲಿನಿಕ್‌ನವರು ಅಂದ್ರೆ, ಅದು ನನ್ನ ಪ್ರಕಾರ ಕಾರಣವೇ ಅಲ್ಲ. "ಈ ಸ್ಕ್ಯಾನ್‌ನಿಂದ ಚಿಕಿತ್ಸೆ ಏನು ಬದಲಾಗುತ್ತೆ ಡಾಕ್ಟ್ರೇ?" ಅಂತ ಕೇಳಿ. ಇತ್ತೀಚಿನ ಒಪಿಜಿ ಬೇರೆ ಕಡೆ ತೆಗೆಸಿದ್ದರೆ ಫೈಲ್ ಒಯ್ಯಿರಿ, ಮತ್ತೆ ತೆಗೆಸೋದು ತಪ್ಪಬಹುದು.

ಎಕ್ಸ್‌ರೇ ತೆಗೆಯುವಾಗ ವಿಕಿರಣ ತಡೆಯೋ ಸೀಸದ ಏಪ್ರನ್ ಹಾಕಲಿಲ್ಲ ಅಂತ ಗಾಬರಿ ಬೇಡ. ಅಮೆರಿಕದ ದಂತವೈದ್ಯರ ಸಂಘವೇ 2024ರಲ್ಲಿ ಅದು ಬೇಕಿಲ್ಲ ಅಂದಿದೆ.