ಲಾರಿ ಕ್ಯಾಬಿನ್‌ಗೆ ರೆಗ್ಜಿನ್ನಾ, ಜೀನ್ಸ್ ಬಟ್ಟೆನಾ? ಎರಡು ಬೇಸಿಗೆ ಕೂತು ನೋಡಿದ್ದು

ನಮ್ಮ ಹತ್ತು ಗಾಲಿ ಲಾರಿ 2010ರ ಮಾಡೆಲ್. ಸಂಡೂರಿನ ಅದಿರು ಹೊಡೆಯೋಕೆ ಅಂತ ಅಪ್ಪ ತಗೊಂಡಿದ್ದು. ಮರುವರ್ಷ, 2011ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆವತ್ತಿನಿಂದ ಅದು ಸಿರುಗುಪ್ಪ, ಕಾರಟಗಿ ಮಿಲ್ಲುಗಳ ಅಕ್ಕಿ ಹೊತ್ತು ಬೆಂಗಳೂರಿಗೆ ಓಡಾಡುತ್ತಿದೆ. ಎಂಜಿನ್ ಇನ್ನೂ ಗಟ್ಟಿ. ಕ್ಯಾಬಿನ್ ಒಳಗೆ ಮಾತ್ರ ನೋಡೋ ಹಾಗಿರಲಿಲ್ಲ. ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು. ಹಿಂದೆ ಮಲಗೋ ಹಲಗೆ ಉಬ್ಬಿತ್ತು. ಟಾಪಿನ ಬಟ್ಟೆ ಜೋತು ಬಿದ್ದು, ಡ್ರೈವರ್ ಮಾಮ ಅದಕ್ಕೆ ಸೇಫ್ಟಿ ಪಿನ್ನು ಚುಚ್ಚಿ ನಿಲ್ಲಿಸಿಕೊಂಡಿದ್ದರು.

ಕುಶನ್ ಅಂಗಡಿಯಲ್ಲಿ ಪೂರ್ತಿ ಕೆಲಸಕ್ಕೆ 28,000 ಕೇಳಿದರು. ನಾನೇ ಮಾಡಿಕೊಂಡೆ, 11,600 ಆಯಿತು. ಅದರಲ್ಲಿ ಎರಡು ಸಾವಿರ ತಪ್ಪು ಮಾಡಿ ಕಲಿತ ಫೀಸು ಅಂತ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹೊಸದಾಗಿ ತಯಾರಾಗೋ ಲಾರಿಗಳಿಗೆ 2025ರಲ್ಲಿ ಕ್ಯಾಬಿನ್ ಎಸಿ ಕಡ್ಡಾಯ ಆಯಿತು. ನಮ್ಮ ಲಾರಿಗೆ ಎಸಿ ಅಂದರೆ ಎರಡು ಕಿಟಕಿ. ಮುಂದೆ ಬರೆದಿರೋದೆಲ್ಲ ಬಳ್ಳಾರಿಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ನಿಲ್ಲೋ, ಎಸಿ ಇಲ್ಲದ ಕ್ಯಾಬಿನ್ ಲೆಕ್ಕ.

ಡ್ರೈವರ್ ಪಕ್ಕದ ಸೀಟು ಉದ್ದ ಬೆಂಚು. ಅದನ್ನು ನಡುವೆ ಎರಡು ಭಾಗ ಮಾಡಿ ಬಾಗಿಲ ಕಡೆಗೆ ರೆಗ್ಜಿನ್, ಎಂಜಿನ್ ಕಡೆಗೆ ಜೀನ್ಸ್ ಬಟ್ಟೆ ಹಾಕಿದೆ. ಒಳಗೆ ಒಂದೇ ಫೋಮು, ಒಂದೇ ದಪ್ಪ. ಎಂಜಿನ್ ಕಡೆ ಕಾವು ಜಾಸ್ತಿ ಅಲ್ವಾ, ಅದಕ್ಕೆ ಒಂದು ಬೇಸಿಗೆ ಮುಗಿದ ಮೇಲೆ ಎರಡನ್ನೂ ಅದಲು ಬದಲು ಮಾಡಿದೆ. ಕ್ಲೀನರ್ ಹುಡುಗನಿಗೆ ಏನೂ ಹೇಳಲಿಲ್ಲ. ಅವನು ಎಲ್ಲಿ ಕೂರ್ತಾನೆ ಅಂತ ಸುಮ್ನೆ ನೋಡ್ತಿದ್ದೆ.

ಎರಡು ಬೇಸಿಗೆಯೂ ಅವನು ಕೂತಿದ್ದು ಜೀನ್ಸ್ ಮೇಲೆಯೇ. ಮಧ್ಯಾಹ್ನ ಚಳ್ಳಕೆರೆಯಲ್ಲಿ ಗಾಡಿ ನಿಲ್ಲಿಸಿ ಊಟ ಮುಗಿಸಿ ಬಂದರೆ ರೆಗ್ಜಿನ್ ಕಾದ ಹೆಂಚು. ಲುಂಗಿ ಉಟ್ಟು ಕೂತವರು ಎದ್ದು ಬಿಡಬೇಕು. ಕೂತರೂ ಅರ್ಧ ಗಂಟೆಗೆ ಬೆವರು ಕೆಳಗಿಳಿಯೋಕೆ ದಾರಿ ಇಲ್ಲದೆ ತೊಡೆ ಅಂಟಿಕೊಳ್ಳುತ್ತೆ. ಜೀನ್ಸೂ ಬಿಸಿ ಆಗುತ್ತೆ, ಆದರೆ ಬೇಗ ಆರುತ್ತೆ, ಬೆವರು ಹೀರುತ್ತೆ.

ಹಾಗಂತ ರೆಗ್ಜಿನ್ ಸೋತಿತು ಅಂತಲ್ಲ. ಟೀ ಚೆಲ್ಲಿತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಸಂಡೂರಿನ ಕೆಂಪು ಧೂಳಿಗೂ ಅದೇ ಸರಿ. ಒಮ್ಮೆ ಆ ಕಡೆ ಬಾಡಿಗೆಗೆ ಹೋಗಿ ಬಂದಾಗ ಜೀನ್ಸ್ ಸೀಟು ನೀಲಿಯೂ ಅಲ್ಲ, ಕೆಂಪೂ ಅಲ್ಲ, ಬದನೆಕಾಯಿ ಬಣ್ಣ ಆಗಿತ್ತು. ಮಿಲ್ಲಿನ ತೌಡಂತೂ ನೇಯ್ಗೆ ಒಳಗೇ ಕೂರುತ್ತೆ. ಜಿಪ್ ಹಾಕಿ ಬಿಚ್ಚೋ ಹಾಗೆ ಹೊಲಿದರೆ ಮಾತ್ರ ಜೀನ್ಸ್ ತಗೊಳ್ಳಿ. ಮೊಳೆ ಹೊಡೆದು ಕೂರಿಸೋದಾದರೆ ಬೇಡವೇ ಬೇಡ.

ರೆಗ್ಜಿನ್ ಬಗ್ಗೆ ಇನ್ನೊಂದು ವಿಷಯ. ಇದು ಮೊದಲು ಇಂಗ್ಲೆಂಡಿನ ಹೈಡ್ ಊರಿನ ಒಂದು ಕಂಪನಿಯ ಟ್ರೇಡ್‌ಮಾರ್ಕು. ನಾವು ಈಗ ರೆಗ್ಜಿನ್ ಅನ್ನೋದು ಬಟ್ಟೆ ಮೇಲೆ ಪಿವಿಸಿ ಲೇಪಿಸಿದ್ದು. ಪಿವಿಸಿ ತಾನಾಗೇ ಗಡಸು. ಅದನ್ನು ಮೆತ್ತಗೆ ಇಡೋದು ಅದರೊಳಗೆ ಬೆರೆಸಿರೋ ಎಣ್ಣೆಯಂಥ ಪದಾರ್ಥ. ಬಿಸಿಲಿಗೆ ಅದು ಮೆಲ್ಲಗೆ ಹೊರಗೆ ಹೋಗುತ್ತೆ, ರೆಗ್ಜಿನ್ ಹಪ್ಪಳ ಆಗುತ್ತೆ. ನಮ್ಮಲ್ಲಿ ಹೊಳಪು ಬರಲಿ ಅಂತ ಡೀಸೆಲ್ ಬಟ್ಟೆಯಲ್ಲಿ ಸೀಟು ಒರೆಸೋ ಚಾಳಿ ಇದೆ. ಡೀಸೆಲ್ ಆ ಎಣ್ಣೆಯನ್ನೇ ಎಳೆದುಕೊಂಡು ಬರುತ್ತೆ. ಡ್ರೈವರ್ ಸೀಟನ್ನು ವರ್ಷವಿಡೀ ಹಾಗೇ ಒರೆಸಿದ್ದರು, ಅದು ಎರಡನೇ ಬೇಸಿಗೆಗೆ ಹೊಲಿಗೆ ಸಾಲಿನುದ್ದಕ್ಕೂ ಬಿರಿಯಿತು. ಬರೀ ಸೋಪು ನೀರು ಕಂಡ ಬೆಂಚಿನ ತುಂಡು ಇನ್ನೂ ಚೆನ್ನಾಗಿದೆ.

ಹೊಲಿದಿದ್ದು ಅಕ್ಕನ ಮನೆಯಲ್ಲಿ, ಕೌಲ್ ಬಜಾರ್‌ನಲ್ಲಿ. ಅಕ್ಕ ಜೀನ್ಸ್ ಯೂನಿಟ್ಟಿಗೆ ಪೀಸ್ ಲೆಕ್ಕದಲ್ಲಿ ಪ್ಯಾಂಟು ಹೊಲಿಯುತ್ತಾಳೆ, ಮನೆಯಲ್ಲೇ ಪವರ್ ಮಷಿನ್ ಇದೆ. ಬಳ್ಳಾರಿಯಲ್ಲಿ ಇರೋದಕ್ಕೆ ಇದೊಂದು ಲಾಭ ನೋಡಿ. ಜೀನ್ಸ್ ಕಟ್ ಪೀಸು ಕೆಜಿ ಲೆಕ್ಕದಲ್ಲಿ ಸಿಗುತ್ತೆ, ಅದನ್ನು ಹೊಲಿಯೋ ಕೈಯೂ ಬೀದಿಗೊಂದು ಸಿಗುತ್ತೆ. ಜೀನ್ಸ್ ಕವರನ್ನು ಅಕ್ಕ ಒಂದು ಮಧ್ಯಾಹ್ನದಲ್ಲಿ ಮುಗಿಸಿದಳು. ರೆಗ್ಜಿನ್ ಹಾಕಿದ ಕೂಡಲೇ ಮಷಿನ್ ನಿಂತಿತು. ಮಷಿನ್ನಿನ ಕಬ್ಬಿಣದ ಪಾದ ರೆಗ್ಜಿನ್ ಮೇಲೆ ಜಾರೋದಿಲ್ಲ, ಅಂಟಿಕೊಳ್ಳುತ್ತೆ. ಕೆಳಗಿನ ಪದರ ಮುಂದೆ ಹೋಗುತ್ತೆ, ಮೇಲಿನದು ಅಲ್ಲೇ ಸುಕ್ಕಾಗುತ್ತೆ.

"ಮುಖದ ಪೌಡರ್ ಡಬ್ಬಿ ತಾರೋ ತಮ್ಮಾ" ಅಂದಳು.

ಪೌಡರ್ ಉದುರಿಸಿದ ಮೇಲೆ ಪಾದ ಬೆಣ್ಣೆ ಮೇಲೆ ಹೋದಂಗೆ ಹೋಯಿತು. ಆಮೇಲೆ ಟೆಫ್ಲಾನ್ ಪಾದ ಅಂತ ಸಿಗುತ್ತೆ ಅಂತ ಗೊತ್ತಾಗಿ ತಂದುಕೊಟ್ಟೆ. ಹೊಲಿಗೆ ಉದ್ದ ಇರಲಿ, ನಾಲ್ಕೈದು ಮಿಲಿಮೀಟರ್. ಪ್ಯಾಂಟಿಗೆ ಹಾಕಿದಂಗೆ ಒತ್ತೊತ್ತಾಗಿ ಹಾಕಿದರೆ ತೂತುಗಳ ಸಾಲು ಪೋಸ್ಟ್ ಸ್ಟಾಂಪಿನ ಅಂಚಿನಂತೆ ಆಗಿ, ಅಲ್ಲೇ ಹರಿಯುತ್ತೆ. ನಮ್ಮ ಮೊದಲ ತುಂಡು ಹೋಗಿದ್ದು ಹಾಗೆ.

ಜೀನ್ಸಿನಲ್ಲಿ ನಾನು ಮಾಡಿದ ತಪ್ಪು ಬೇರೆ. ಕಟ್ ಪೀಸು ವಾಷಿಂಗ್ ಕಾಣದ ಬಟ್ಟೆ. ಯೂನಿಟ್ಟಿನಲ್ಲಿ ಪ್ಯಾಂಟು ಹೊಲಿದ ಮೇಲೆ ವಾಷಿಂಗಿಗೆ ಕಳಿಸ್ತಾರೆ. ನಾನು ಹಾಗೇ ಹೊಲಿಸಿ ಹಾಕಿಬಿಟ್ಟೆ. ಮೊದಲ ಟ್ರಿಪ್ಪಿಗೆ ಡ್ರೈವರ್ ಮಾಮ ಮಗಳ ನಿಶ್ಚಿತಾರ್ಥಕ್ಕೆ ಹೋಗಬೇಕು ಅಂತ ಬಿಳಿ ಪಂಚೆ ಉಟ್ಟು ಬೆಂಚಿನ ಮೇಲೆ ಕೂತು ಬಂದರು. ಇಳಿದಾಗ ಹಿಂದೆ ನೀಲಿ. ಅದರ ಬಗ್ಗೆ ಅವರು ಇವತ್ತಿಗೂ ನನಗೆ ಏನೂ ಅಂದಿಲ್ಲ, ಅದೇ ಜಾಸ್ತಿ ನೋವು. ಆಮೇಲೆ ಕವರ್ ಒಗೆದರೆ ಒಂದಿಂಚು ಕುಗ್ಗಿ ಫೋಮಿಗೆ ಹತ್ತಲೇ ಇಲ್ಲ. ಕತ್ತರಿಸೋ ಮೊದಲೇ ಎರಡು ಸಲ ನೆನೆಸಿ, ಒಗೆದು, ಒಣಗಿಸಿ.

ಮೂರನೆಯದಾಗಿ ತಾಡಪಾಲಿನ ಕ್ಯಾನ್ವಾಸನ್ನೂ ಬಾಗಿಲ ಪ್ಯಾನಲ್ಲಿಗೆ ಹಾಕಿ ನೋಡಿದೆ. ಗಟ್ಟಿ ಏನೋ ಗಟ್ಟಿ. ಆದರೆ ಬಿಸಿಲೇರಿದರೆ ಅದರ ಮೇಣದ ವಾಸನೆಗೆ ತಲೆ ತಿರುಗುತ್ತೆ. ವಾರಕ್ಕೇ ಕಿತ್ತೆ.

ಇನ್ನು ಒಳಗೆ ತುಂಬೋದು. ಇಲ್ಲಿ ಮೋಸ ಹೋಗೋದು ಸುಲಭ, ಯಾಕಂದ್ರೆ ಕವರ್ ಹಾಕಿದ ಮೇಲೆ ಯಾರಿಗೂ ಕಾಣಲ್ಲ. ಒಂದು ಅಂಗಡಿಯಲ್ಲಿ 40 ಡೆನ್ಸಿಟಿ ಅಂತ ದುಡ್ಡು ತಗೊಂಡು ಫೋಮ್ ಕೊಟ್ಟರು. ಒತ್ತಿ ನೋಡಿದೆ, ಗಟ್ಟಿಯಾಗೇ ಇತ್ತು. ಆದರೆ ಒತ್ತಿದರೆ ಗೊತ್ತಾಗೋದು ಗಡಸುತನ, ಡೆನ್ಸಿಟಿ ಅಲ್ಲ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗಬೇಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪದ ತುಂಡು ಕತ್ತರಿಸಿದರೆ ಸರಿಯಾಗಿ ಒಂದು ಘನ ಅಡಿ. 40 ಆದರೆ ಅದು 1 ಕೆಜಿ 130 ಗ್ರಾಂ ಆಸುಪಾಸು ಬರಬೇಕು, 32 ಆದರೆ 900. ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟೆ. 780 ಗ್ರಾಂ. ಅಂದರೆ 28 ಕೂಡ ಇಲ್ಲ. ವಾಪಸ್ ಒಯ್ದು ತಕ್ಕಡಿ ಲೆಕ್ಕ ಹೇಳಿದ ಮೇಲೆ ಮಾತಾಡದೆ ಬದಲಿಸಿಕೊಟ್ಟರು. ಆ 780 ಗ್ರಾಮಿನ ತುಂಡನ್ನು ಮಾತ್ರ ನಾನೇ ಇಟ್ಟುಕೊಂಡೆ, ಮನೆ ಸ್ಟೂಲಿಗೆ ಹಾಕಿದೆ. ಆರು ತಿಂಗಳಿಗೆ ನಡುವೆ ಗುಳಿ ಬಿದ್ದಿದೆ. ನಿಜವಾದ 40 ಇನ್ನೂ ಮೇಲೇಳುತ್ತೆ.

ಸೀಟಿಗೆ ಫೋಮೇ ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಮಲಗೋ ಜಾಗದ ಮಾತು ಬೇರೆ. ಅಲ್ಲಿ ಫೋಮು, ತೆಂಗಿನ ನಾರು, ಹತ್ತಿ ಮೂರರ ಮೇಲೂ ಮಲಗಿ ನೋಡಿದ್ದೀವಿ. ಫೋಮು ಬೆನ್ನಿನ ಶಾಖವನ್ನು ಬೆನ್ನಿಗೇ ವಾಪಸ್ ಕೊಡುತ್ತೆ. ರಬ್ಬರ್ ಹಾಕಿದ ತೆಂಗಿನ ನಾರಿನ ಹಾಸು ಗಾಳಿ ಬಿಡುತ್ತೆ, ತಂಪು. ಆದರೆ ಲಾರಿ ಅಲುಗಾಟಕ್ಕೆ ಕಂದು ಪುಡಿ ಉದುರಿಸುತ್ತೆ, ಮಳೆ ತಾಗಿದರೆ ಮುಗ್ಗಲು ವಾಸನೆ. ಕೊನೆಗೆ ಉಳಿದಿದ್ದು ಹತ್ತಿ ಹಾಸಿಗೆ. ಹತ್ತಿ ಬೆಳೆಯೋ ಸೀಮೆಯಲ್ಲಿದ್ದುಕೊಂಡು ಇದು ಮೊದಲೇ ಹೊಳೆಯಬೇಕಿತ್ತು! ಹಿಂಜೋ ಅಂಗಡಿಯಲ್ಲಿ ಮೂರಿಂಚಿನ ಹಾಸಿಗೆ ಮಾಡಿಸಿ, ದಬ್ಬಣದಲ್ಲಿ ಗೇಣಿಗೊಂದು ಟಾಕಾ ಹಾಕಿದೆ. ಟಾಕಾ ಹಾಕದಿದ್ದರೆ ತಿರುವುಗಳಲ್ಲಿ ಹತ್ತಿ ಎಲ್ಲ ಒಂದು ಮೂಲೆಗೆ ಉಂಡೆ ಆಗುತ್ತೆ. ಮೇಲೆ ಅಮ್ಮನ ಹಳೇ ಕೌದಿ. ಇದರ ಕಷ್ಟ ಏನಂದ್ರೆ ವಾರಕ್ಕೊಮ್ಮೆ ಲಾರಿ ಬಾಡಿ ಮೇಲೆ ಬಿಸಿಲಿಗೆ ಹಾಕಬೇಕು, ಎರಡು ವರ್ಷಕ್ಕೆ ಮತ್ತೆ ಹಿಂಜಿಸಬೇಕು. ಅಷ್ಟು ಪುರಸೊತ್ತಿಲ್ಲದವರು ನಾರಿನ ಹಾಸನ್ನೇ ಹಾಕಿ, ಅದಕ್ಕೊಂದು ಚೀಲ ಹೊಲಿಸಿಕೊಳ್ಳಿ.

ಕೆಳಗಿನ ಹಲಗೆಗೆ ಪ್ಲೈವುಡ್ ಮೇಲೆ ಐಎಸ್ 710 (ನೀರು ತಡೆಯೋ ಮರೈನ್ ಪ್ಲೈ) ಅನ್ನೋ ಮುದ್ರೆ ನೋಡಿ ತಗೊಳ್ಳಿ. ಐಎಸ್ 303ರ ಅಗ್ಗದ ಎಂಆರ್ ಪ್ಲೈ, ಅಂದರೆ ಬರೀ ತೇವ ತಡೆಯೋದು, ಒಂದೇ ಮಳೆಗಾಲಕ್ಕೆ ಪುಸ್ತಕದ ಹಾಳೆ ಬಿಚ್ಚಿದಂಗೆ ಬಿಚ್ಚಿತು.

ಟಾಪಿಗೆ ಮೊದಲು ಹಾಕಿದ್ದು ಹಿಂದೆ ತೆಳು ಫೋಮ್ ಇರೋ ಲೈನಿಂಗ್ ಬಟ್ಟೆ, ಅಂಟಿನಲ್ಲಿ. ನೋಡೋಕೆ ಕಾರಿನ ಹಾಗೆ. ಮುಂದಿನ ಏಪ್ರಿಲ್‌ಗೆ ಬಿತ್ತು. ಕಿತ್ತು ನೋಡಿದರೆ ಅರ್ಧ ಕಡೆ ಅಂಟಿನ ತಪ್ಪು, ಅದು ನನ್ನದು. ರಬ್ಬರ್ ಅಂಟನ್ನು ಎರಡೂ ಕಡೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ನಾನು ಹಸಿ ಇದ್ದಾಗಲೇ ಒತ್ತಿದ್ದೆ. ಉಳಿದರ್ಧ ಕಡೆ ಅಂಟು ಗಟ್ಟಿ ಇತ್ತು, ಫೋಮೇ ಬಿಸಿಲಿಗೆ ಪುಡಿ ಆಗಿತ್ತು. ಎರಡನೇ ಸಲ ಅಂಟಿನ ಸಹವಾಸ ಬಿಟ್ಟೆ. ಪಟ್ಟಿ ಕೂರಿಸಿ, ತಗಡಿಗೂ ಪ್ಲೈಗೂ ನಡುವೆ ಒಂದಿಂಚು ಗಾಳಿ ಬಿಟ್ಟು, ಬೆಳ್ಳಿ ಬಣ್ಣದ ಫಾಯಿಲ್ ಹಾಸಿ, ತೆಳು ಪ್ಲೈಗೆ ರೆಗ್ಜಿನ್ ಸುತ್ತಿ ಸ್ಕ್ರೂ ಹಾಕಿದೆ. ತಲೆ ಮೇಲೆ ಯಾರೂ ಕೂರಲ್ಲವಲ್ಲ, ಅಲ್ಲಿ ರೆಗ್ಜಿನ್ನೇ ಚೆಂದ. ಕೈ ಇಟ್ಟರೆ ಈಗ ಮಧ್ಯಾಹ್ನವೂ ಸುಡಲ್ಲ.

ಎಂಜಿನ್ ಮುಚ್ಚಳದ ಒಳಗೆ ಮಾತ್ರ ಫೋಮು, ಹತ್ತಿ, ಬಟ್ಟೆ ಏನೂ ಬೇಡ. ಬೆಂಕಿ ಜಾಗ ಅದು. ಫಾಯಿಲ್ ಅಂಟಿಸಿದ ಗ್ಲಾಸ್ ವುಲ್ ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು.

ಉಳಿದಿದ್ದು ಟಾಪಿನ ಜಾಯಿಂಟು. ಮಳೆ ಬಂದರೆ ಕ್ಯಾಬಿನ್ ತೂತು ಬಿದ್ದ ತೆಪ್ಪ. ತುಂಗಭದ್ರೆಯಲ್ಲಿ ತೆಪ್ಪಕ್ಕೆ ಡಾಂಬರು ಬಳಿಯೋದು ನೋಡಿದ್ದೆ, ನಾನೂ ಬಳಿದೆ. ನೀರಲ್ಲಿರೋ ತೆಪ್ಪಕ್ಕೆ ಸರಿ, ಕಾದ ತಗಡಿಗೆ ಅಲ್ಲ. ಮೇ ತಿಂಗಳಲ್ಲಿ ಕರಗಿ ಮುಂದಿನ ಗಾಜಿನ ಮೇಲೆ ಇಳಿಯಿತು. ಹುಳಿ ವಾಸನೆ ಬರೋ ಸಿಲಿಕೋನ್ ಹಾಕಿದೆ, ಅದು ಬರಿ ಕಬ್ಬಿಣಕ್ಕೆ ತುಕ್ಕು ಹಿಡಿಸಿತು. ಗಾಜು ಕೂರಿಸೋಕೆ ಬಳಸೋ ಪಿಯು (ಪಾಲಿಯುರೆಥೇನ್) ಸೀಲೆಂಟ್ ನಿಂತಿದೆ. ಮೊನ್ನೆ ಹಿರಿಯೂರು ದಾಟುವಾಗ ಜೋರು ಮಳೆ, ಎಡಗಡೆ ಮೂಲೆಯಿಂದ ಒಂದೊಂದೇ ಹನಿ ಬಿತ್ತಂತೆ, ನೇರ ಕೌದಿ ಮೇಲೆ. ಟ್ಯೂಬಿನಲ್ಲಿ ಅರ್ಧ ಉಳಿದಿದೆ. ಭಾನುವಾರ ಹತ್ತಬೇಕು.