ಗೂಗಲ್ ಸ್ಕಾಲರ್: ಮನೋವಿಜ್ಞಾನಿಯ ಸಾಧನೆಯನ್ನು ಅದರಲ್ಲಿ ಹೇಗೆ ಓದಬೇಕು?

ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬೇಕೆಂದಿರುವವರು ಮಾರ್ಗದರ್ಶಕರ ಹೆಸರು ಕೇಳಿದೊಡನೆ ತೆರೆದು ನೋಡುವುದು ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿರುವ ಅವರ ಪುಟವನ್ನು. ಅಲ್ಲಿ ಒಂದು ಕಡೆ ಪ್ರಕಟಣೆಗಳ ಪಟ್ಟಿ ಇರುತ್ತದೆ, ಇನ್ನೊಂದು ಕಡೆ ಒಟ್ಟು ಉಲ್ಲೇಖಗಳು (ಅವರ ಬರಹಗಳನ್ನು ಬೇರೆ ಬರಹಗಳಲ್ಲಿ ಎಷ್ಟು ಬಾರಿ ಹೆಸರಿಸಲಾಗಿದೆ ಎಂಬ ಎಣಿಕೆ), ಎಚ್-ಇಂಡೆಕ್ಸ್ ಮತ್ತು ಐ10-ಇಂಡೆಕ್ಸ್ (ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡ ಬರಹಗಳ ಸಂಖ್ಯೆ) ಎಂಬ ಮೂರು ಅಂಕಿಗಳಿರುತ್ತವೆ. ಅನುರಾಗ್ ಆಚಾರ್ಯ ಮತ್ತು ಅಲೆಕ್ಸ್ ವರ್ಸ್ಟಾಕ್ ರೂಪಿಸಿ 2004ರಲ್ಲಿ ಆರಂಭಿಸಿದ ಈ ಸೇವೆಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಉಲ್ಲೇಖಗಳನ್ನು ಎಣಿಸಿಕೊಡುವ ಸ್ಕೋಪಸ್‌ನಂಥ ದುಬಾರಿ ಚಂದಾ ಸೇವೆಗಳನ್ನು ಕೊಳ್ಳಲಾಗದ ಸಣ್ಣ ಕಾಲೇಜುಗಳ ಅಧ್ಯಾಪಕರಿಗೆ ಇದು ನಿಜವಾದ ಉಪಕಾರ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ. ಆದರೆ ಆ ಮೂರು ಅಂಕಿಗಳನ್ನೇ ತೀರ್ಪೆಂದು ಸ್ವೀಕರಿಸುವ ರೂಢಿಯನ್ನು ಒಪ್ಪಲಾರೆ.

ಮನೋವಿಜ್ಞಾನದ ಮಟ್ಟಿಗೆ ಇದರ ದೊಡ್ಡ ಗುಣವೆಂದರೆ ವ್ಯಾಪ್ತಿ. ಈ ಶಾಸ್ತ್ರದ ಚಿಂತನೆ ಪತ್ರಿಕೆಗಳ ಲೇಖನಗಳಲ್ಲಿ ಮಾತ್ರವಲ್ಲದೆ ಪುಸ್ತಕಗಳಲ್ಲಿ, ಸಂಪಾದಿತ ಗ್ರಂಥಗಳ ಅಧ್ಯಾಯಗಳಲ್ಲಿ, ಪಿಎಚ್.ಡಿ. ಪ್ರಬಂಧಗಳಲ್ಲಿಯೂ ಹರಡಿಕೊಂಡಿದೆ, ಸ್ಕಾಲರ್ ಇವೆಲ್ಲವನ್ನೂ ಹುಡುಕಿ ತರುತ್ತದೆ. ಅದೇ ಕಾರಣಕ್ಕೆ ಇಲ್ಲಿನ ಅಂಕಿಗಳು ಬೇರೆ ಸೇವೆಗಳ ಅಂಕಿಗಳಿಗಿಂತ ಸಾಮಾನ್ಯವಾಗಿ ದೊಡ್ಡವಾಗಿರುತ್ತವೆ. ಹಾಗಾಗಿ ಒಬ್ಬರದನ್ನು ಸ್ಕಾಲರ್‌ನಿಂದಲೂ ಇನ್ನೊಬ್ಬರದನ್ನು ಸ್ಕೋಪಸ್‌ನಿಂದಲೂ ತೆಗೆದು ಹೋಲಿಸುವುದು ಅನ್ಯಾಯ.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ಕನಿಷ್ಠ ಇಪ್ಪತ್ತು ಬಾರಿ ಉಲ್ಲೇಖಗೊಂಡ ಇಪ್ಪತ್ತು ಲೇಖನಗಳಿದ್ದು, ಇಪ್ಪತ್ತೊಂದು ಬಾರಿ ಉಲ್ಲೇಖಗೊಂಡ ಇಪ್ಪತ್ತೊಂದು ಲೇಖನಗಳು ಇಲ್ಲದಿದ್ದರೆ ಅದು 20 ಆಗುತ್ತದೆ. ಲೆಕ್ಕ ಸರಳವಾಗಿದೆ, ಆದರೆ ಅದು ಎಷ್ಟನ್ನು ಮರೆಮಾಡುತ್ತದೆ ನೋಡಿ. ಮಧ್ಯವರ್ತಿ ಚರಾಂಶಗಳ (ಒಂದು ಅಂಶ ಇನ್ನೊಂದರ ಮೇಲೆ ಯಾವುದರ ಮೂಲಕ ಪರಿಣಾಮ ಬೀರುತ್ತದೋ ಆ ನಡುವಿನ ಅಂಶಗಳ) ವಿಶ್ಲೇಷಣೆಯ ಬಗ್ಗೆ ರೂಬೆನ್ ಬ್ಯಾರನ್ ಮತ್ತು ಡೇವಿಡ್ ಕೆನಿ 1986ರಲ್ಲಿ ಬರೆದ ಲೇಖನವನ್ನು ಸ್ಕಾಲರ್ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಿಸಲಾಗಿದೆ. ಎಚ್-ಇಂಡೆಕ್ಸ್‌ಗೆ ಅದರ ಕೊಡುಗೆ ಒಂದೇ ಒಂದು. ಅದೂ ಅಲ್ಲದೆ, ಹೀಗೆ ಉಲ್ಲೇಖಿಸಿದವರಲ್ಲಿ ಬಹಳ ಮಂದಿ ಬಳಸಿಕೊಂಡಿರುವುದು ಮನಸ್ಸಿನ ಬಗೆಗಿನ ಸಿದ್ಧಾಂತವನ್ನಲ್ಲ, ಒಂದು ಸಂಖ್ಯಾಶಾಸ್ತ್ರೀಯ ವಿಧಾನವನ್ನು.

ಈ ಸೇವೆಯನ್ನು ಎಚ್ಚರದಿಂದ ಬಳಸಬೇಕೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಹ್ಯಾನ್ಸ್ ಐಸೆಂಕ್ ಅವರ ಪ್ರಕರಣ. 2002ರಲ್ಲಿ ಪ್ರಕಟವಾದ, ಇಪ್ಪತ್ತನೆಯ ಶತಮಾನದ ಹೆಸರಾಂತ ಮನೋವಿಜ್ಞಾನಿಗಳ ಅಧ್ಯಯನದಲ್ಲಿ, ಪತ್ರಿಕೆಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವರ ಪೈಕಿ ಫ್ರಾಯ್ಡ್ ಮತ್ತು ಪಿಯಾಜೆಯವರ ನಂತರದ ಮೂರನೆಯ ಸ್ಥಾನ ಅವರದಾಗಿತ್ತು. 1997ರಲ್ಲಿ ಅವರು ತೀರಿಕೊಂಡ ಎರಡು ದಶಕಗಳ ಬಳಿಕ, 2019ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಚಾರಣೆಯು ವ್ಯಕ್ತಿತ್ವಕ್ಕೂ ಕ್ಯಾನ್ಸರ್, ಹೃದ್ರೋಗಗಳಂಥ ಕಾಯಿಲೆಗಳಿಗೂ ನಂಟು ಕಲ್ಪಿಸಿದ ಅವರ ಬರಹಗಳನ್ನು ಪರಿಶೀಲಿಸಿ, ಸಹಸಂಶೋಧಕ ಗ್ರೊಸಾರ್ತ್-ಮಾಟಿಚೆಕ್ ಜೊತೆಗೂಡಿ ಬರೆದ 26 ಲೇಖನಗಳು ನಂಬಲರ್ಹವಲ್ಲ ಎಂದಿತು. ಅವುಗಳಲ್ಲಿ ಹಲವನ್ನು ಪತ್ರಿಕೆಗಳು ಹಿಂಪಡೆದವು. ಆದರೆ ಲೇಖನವನ್ನು ಹಿಂಪಡೆದ ಮಾತ್ರಕ್ಕೆ ಅದು ಗಳಿಸಿದ ಉಲ್ಲೇಖಗಳು ಲೆಕ್ಕದಿಂದ ಇಳಿಯುವುದಿಲ್ಲ. ಮೆಚ್ಚಿ ಉಲ್ಲೇಖಿಸಿದರೂ ಒಂದು, ಖಂಡಿಸಲೆಂದು ಉಲ್ಲೇಖಿಸಿದರೂ ಒಂದು, ಲೇಖಕರು ತಮ್ಮನ್ನು ತಾವೇ ಉಲ್ಲೇಖಿಸಿಕೊಂಡರೂ ಒಂದೇ. ಇವನ್ನು ಬೇರ್ಪಡಿಸಿ ತೋರಿಸುವ ಸೌಲಭ್ಯವನ್ನು ಪುಟದಲ್ಲಿ ಒದಗಿಸದಿರುವುದು ಈ ಸೇವೆಯ ಅತಿ ದೊಡ್ಡ ಕೊರತೆ.

ನಮ್ಮ ಕಡೆಯವರನ್ನು ಕಾಡುವ ಇನ್ನೊಂದು ತೊಡಕು ಹೆಸರಿನದು. ಮನೆತನದ ಹೆಸರಿಲ್ಲದೆ ಇನಿಷಿಯಲ್‌ಗಳನ್ನಷ್ಟೇ ಬಳಸುವ ನಮ್ಮ ಪದ್ಧತಿಯಲ್ಲಿ ಒಂದೇ ಹೆಸರಿನ ಹತ್ತಾರು ಸಂಶೋಧಕರಿರುತ್ತಾರೆ. ಅವರೊಬ್ಬರ ಲೇಖನ ಇನ್ನೊಬ್ಬರ ಪುಟಕ್ಕೆ ಸೇರಿಬಿಡುವುದುಂಟು. ಹೊಸ ಲೇಖನಗಳು ತಾವಾಗಿಯೇ ಸೇರುವ ಆಯ್ಕೆಯನ್ನು ನಿಲ್ಲಿಸಿ, ಪ್ರತಿಯೊಂದನ್ನೂ ಪರಿಶೀಲಿಸಿ ಸೇರಿಸುವ ವ್ಯವಸ್ಥೆ ಸ್ಕಾಲರ್‌ನಲ್ಲಿದೆ. ಅದನ್ನು ಬಳಸಿ, ಜೊತೆಗೆ ಪ್ರತಿಯೊಬ್ಬ ಸಂಶೋಧಕರನ್ನೂ ಪ್ರತ್ಯೇಕವಾಗಿ ಗುರುತಿಸುವ ಆರ್ಕಿಡ್ (ORCID) ಸಂಖ್ಯೆಯನ್ನೂ ಪಡೆದುಕೊಳ್ಳಬೇಕು.

ಎಣಿಕೆಗೆ ಸಿಗದ ಪ್ರಭಾವವೂ ಇದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬರೆದ ಅಸಂಖ್ಯ ಪುಸ್ತಕಗಳನ್ನು ಓದಿದ ಮನೆಮಂದಿ ಅಡಿಟಿಪ್ಪಣಿ ಬರೆಯುವುದಿಲ್ಲ.

ಹಾಗಾಗಿ ನನ್ನ ಶಿಫಾರಸು ಇಷ್ಟು: ಒಬ್ಬ ಸಂಶೋಧಕರ ಪುಟ ತೆರೆದಾಗ ಒಟ್ಟು ಅಂಕಿಯನ್ನು ಬದಿಗಿಟ್ಟು, ಅವರ ಎರಡು ಮೂರು ಮುಖ್ಯ ಲೇಖನಗಳ ಮುಂದಿರುವ ಉಲ್ಲೇಖಸಂಖ್ಯೆಯ ಮೇಲೆ ಒತ್ತಿ. ಉಲ್ಲೇಖಿಸಿದ ಲೇಖನಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅವುಗಳಲ್ಲಿ ಹತ್ತನ್ನಾದರೂ ತೆಗೆದು, ಉಲ್ಲೇಖ ಬಂದಿರುವ ವಾಕ್ಯವನ್ನು ಹುಡುಕಿ ಓದಿ.