ರಿಸರ್ಚ್ ಮೆಥಡ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿ ಹೋಗಬೇಡಿ

ಮನೋವಿಜ್ಞಾನದ ಬೇರೆ ಪತ್ರಿಕೆಗಳಿಗೆ ಓದಿದಂತೆಯೇ ರಿಸರ್ಚ್ ಮೆಥಡ್ಸ್, ಅಂದರೆ ಸಂಶೋಧನಾ ವಿಧಾನಗಳ ಪತ್ರಿಕೆಗೂ ಓದಿ ಹೋದವರ ಉತ್ತರಪತ್ರಿಕೆ ನೋಡಿದರೆ ಅಯ್ಯೋ ಅನಿಸುತ್ತದೆ. ವ್ಯಾಖ್ಯೆಗಳು ಒಂದಕ್ಷರ ತಪ್ಪಿರುವುದಿಲ್ಲ, ಆದರೆ ಅಂಕ ಬಿದ್ದಿರುವುದಿಲ್ಲ. ಪ್ರಶ್ನೆಯಲ್ಲಿ ಹಿಂದೆಂದೂ ಕಾಣದ ಒಂದು ಪ್ರಯೋಗದ ವಿವರ ಕೊಟ್ಟಿರುತ್ತಾರೆ. ಉತ್ತರ ಅದಕ್ಕೆ ಅಂಟಿಕೊಂಡಿರಬೇಕು.

ಸಂಗೀತ ಕೇಳುತ್ತಾ ಓದಿದರೆ ನೆನಪು ಕಡಿಮೆಯಾಗುತ್ತದೆಯೇ ಎಂಬ ಪ್ರಯೋಗ ಎಂದಿಟ್ಟುಕೊಳ್ಳಿ. ಪರತಂತ್ರ ಚರ (ಪ್ರಯೋಗದಲ್ಲಿ ಅಳೆಯುವ ಅಂಶ) ಯಾವುದು ಎಂದರೆ ಹೆಚ್ಚಿನವರು ‘ನೆನಪಿನ ಶಕ್ತಿ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ನೆನಪಿನ ಶಕ್ತಿಯನ್ನು ಅಳೆದದ್ದು ಯಾವುದರಲ್ಲಿ? ‘20 ಪದಗಳ ಪಟ್ಟಿಯಲ್ಲಿ 2 ನಿಮಿಷದೊಳಗೆ ಸರಿಯಾಗಿ ನೆನಪಿಸಿಕೊಂಡ ಪದಗಳ ಸಂಖ್ಯೆ’ ಎಂದರೆ ಉತ್ತರವಾಯಿತು. ಪ್ರಾಕ್ಕಲ್ಪನೆ, ಅಂದರೆ ಫಲಿತಾಂಶದ ಬಗ್ಗೆ ಮೊದಲೇ ಹೇಳುವ ಊಹೆ, ಬರೆಯುವಾಗಲೂ ಅಷ್ಟೇ: ಸಂಗೀತ ಇದ್ದ ಗುಂಪು, ಇಲ್ಲದ ಗುಂಪು ಎರಡನ್ನೂ ಹೆಸರಿಸಬೇಕು, ಅಳತೆಯನ್ನೂ ಹೇಳಬೇಕು.

ರ‍್ಯಾಂಡಮ್ ಸ್ಯಾಂಪ್ಲಿಂಗ್ ಮತ್ತು ರ‍್ಯಾಂಡಮ್ ಅಲೊಕೇಶನ್ ಒಂದೇ ಎಂದುಕೊಂಡವರು ಲೆಕ್ಕವಿಲ್ಲ. ಮೊದಲನೆಯದು ಜನಸಮೂಹದಿಂದ ಭಾಗಿಗಳನ್ನು ಆರಿಸುವುದು. ಎರಡನೆಯದು ಆರಿಸಿ ತಂದವರನ್ನು ಗುಂಪುಗಳಿಗೆ ಹಂಚುವುದು. ಕೌಂಟರ್‌ಬ್ಯಾಲೆನ್ಸಿಂಗ್‌ದು ಇನ್ನೊಂದು ಗೋಳು. ಅರ್ಧ ಜನರಿಗೆ ಒಂದು ಕ್ರಮದಲ್ಲಿ, ಉಳಿದವರಿಗೆ ತಿರುಗಿಸಿದ ಕ್ರಮದಲ್ಲಿ ಸನ್ನಿವೇಶಗಳನ್ನು ಕೊಡುವುದು ಅದು. ಪ್ರತಿಯೊಬ್ಬರೂ ಒಂದು ಸನ್ನಿವೇಶದಲ್ಲಿ ಮಾತ್ರ ಭಾಗವಹಿಸುವ ವಿನ್ಯಾಸಕ್ಕೆ ಅದು ಬೇಕೇ ಇಲ್ಲ, ಆದರೂ ಅಭ್ಯಾಸಬಲದಿಂದ ಬರೆದುಬಿಡುತ್ತಾರೆ. ಬೇಕಾದ ಕಡೆಯಲ್ಲೂ ಅದು ಕ್ರಮದ ಪರಿಣಾಮವನ್ನು ಅಳಿಸಿಹಾಕುವುದಿಲ್ಲ, ಎರಡೂ ಸನ್ನಿವೇಶಗಳಿಗೆ ಸಮವಾಗಿ ಹಂಚುತ್ತದೆ ಅಷ್ಟೇ.

ನಿಜವಾದ ಹೊಡೆತ ಬೀಳುವುದು ಸೈನ್ ಟೆಸ್ಟಿನಲ್ಲಿ. ಎರಡು ಅಳತೆಗಳ ನಡುವಿನ ಏರಿಕೆ-ಇಳಿಕೆಯ ಚಿಹ್ನೆಗಳನ್ನು ಎಣಿಸಿ ನೋಡುವ ಪರೀಕ್ಷೆ ಇದು. ಲೆಕ್ಕ ಸುಲಭ, ಜಾರುವ ಜಾಗಗಳು ಹಲವು. 10 ಜನರ ಒತ್ತಡದ ಅಂಕವನ್ನು ತರಬೇತಿಗೆ ಮೊದಲು ಮತ್ತು ನಂತರ ಅಳೆದಿದ್ದಾರೆ. 7 ಜನಕ್ಕೆ ಇಳಿದಿದೆ, 1 ಜನಕ್ಕೆ ಏರಿದೆ, 2 ಜನಕ್ಕೆ ಹಾಗೇ ಇದೆ. ಬದಲಾಗದ ಇಬ್ಬರನ್ನು ಕೈಬಿಡಬೇಕು, ಆಗ ಎನ್ (ಲೆಕ್ಕಕ್ಕೆ ಉಳಿದ ಜನರ ಸಂಖ್ಯೆ) 8. ಕಡಿಮೆ ಬಾರಿ ಬಂದ ಚಿಹ್ನೆಯ ಸಂಖ್ಯೆಯೇ ಎಸ್, ಅಂದರೆ 1. ಎನ್ ಅನ್ನು 10 ಎಂದೇ ಇಟ್ಟುಕೊಂಡು ನಿರ್ಣಾಯಕ ಮೌಲ್ಯಗಳ ಕೋಷ್ಟಕ ನೋಡಿದವರು ಇಲ್ಲೇ ದಾರಿ ತಪ್ಪಿರುತ್ತಾರೆ. ಈಗ 0.05 ಮಟ್ಟದಲ್ಲಿ ಎನ್ 8ರ ಸಾಲು ನೋಡಿ: ಪ್ರಾಕ್ಕಲ್ಪನೆ ದಿಕ್ಕು ಹೇಳಿದ್ದರೆ, ಅಂದರೆ ‘ಒತ್ತಡ ಇಳಿಯುತ್ತದೆ’ ಎಂದಿದ್ದರೆ, ನಿರ್ಣಾಯಕ ಮೌಲ್ಯ (ನಮ್ಮ ಎಸ್ ಮೀರಬಾರದ ಗಡಿ) 1, ಹಾಗಾಗಿ ಫಲಿತಾಂಶ ಸಾರ್ಥಕ (ಬರೀ ಆಕಸ್ಮಿಕ ಎನ್ನಲಾಗದ್ದು). ‘ವ್ಯತ್ಯಾಸ ಇರುತ್ತದೆ’ ಎಂದಷ್ಟೇ ಹೇಳಿದ್ದರೆ ನಿರ್ಣಾಯಕ ಮೌಲ್ಯ 0, ಅದೇ ದತ್ತಾಂಶ ಸಾರ್ಥಕವಲ್ಲ! ಪ್ರಶ್ನೆಯಲ್ಲಿನ ಪ್ರಾಕ್ಕಲ್ಪನೆಯ ವಾಕ್ಯವನ್ನು ಓದದೆ ಕೋಷ್ಟಕಕ್ಕೆ ಕೈಹಾಕಬೇಡಿ ಎನ್ನುವುದು ಇದಕ್ಕೇ.

ಸೈನ್ ಟೆಸ್ಟ್, ವಿಲ್ಕಾಕ್ಸನ್, ಮಾನ್-ವಿಟ್ನಿ ಈ ಮೂರು ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳಲ್ಲಿ ನಮ್ಮ ಮೌಲ್ಯ ನಿರ್ಣಾಯಕ ಮೌಲ್ಯಕ್ಕೆ ಸಮ ಅಥವಾ ಕಡಿಮೆ ಇದ್ದರೆ ಸಾರ್ಥಕ. ಕೈ-ಸ್ಕ್ವೇರ್, ಟಿ-ಟೆಸ್ಟ್, ಸ್ಪಿಯರ್‌ಮನ್, ಪಿಯರ್ಸನ್‌ನಲ್ಲಿ ತಿರುಗುಮುರುಗು, ಸಮ ಅಥವಾ ಹೆಚ್ಚು ಇರಬೇಕು. ಇದೊಂದನ್ನು ಬಾಯಿಪಾಠ ಮಾಡಿದರೆ ತಪ್ಪಿಲ್ಲ.

‘ಪಿ 0.05ಕ್ಕಿಂತ ಕಡಿಮೆ, ಆದ್ದರಿಂದ ಸಿದ್ಧಾಂತ ನಿಜವಾಗುವ ಸಾಧ್ಯತೆ ಶೇ. 95’ ಎಂದು ಬರೆಯುವುದು ಶುದ್ಧ ತಪ್ಪು. ನಲ್ ಹೈಪಾಥಿಸಿಸ್ (ವ್ಯತ್ಯಾಸವೇ ಇಲ್ಲ ಎಂಬ ಊಹೆ) ನಿಜವಾಗಿದ್ದರೆ ಇಂಥ ಅಥವಾ ಇದಕ್ಕಿಂತ ಹೆಚ್ಚು ಅಂತರದ ಫಲಿತಾಂಶ ಸಿಗುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಎಂದಷ್ಟೇ ಅದರ ಅರ್ಥ. ‘ಸಾಬೀತಾಯಿತು’ ಎಂಬ ಪದವನ್ನಂತೂ ಪೆನ್ನಿನ ತುದಿಗೆ ತರಬೇಡಿ. ಮಟ್ಟವನ್ನು 0.01ಕ್ಕೆ ಇಳಿಸಿದರೆ ಮೊದಲ ಬಗೆಯ ದೋಷ (ಇಲ್ಲದ ಪರಿಣಾಮವನ್ನು ಇದೆ ಎನ್ನುವುದು) ಕಡಿಮೆಯಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ, ಎರಡನೆಯ ಬಗೆಯದು (ಇರುವ ಪರಿಣಾಮವನ್ನು ಇಲ್ಲ ಎನ್ನುವುದು) ಹೆಚ್ಚುತ್ತದೆ ಎಂಬುದನ್ನು ಮರೆತುಬಿಡುತ್ತಾರೆ.

ಹಾಗಾದರೆ ಓದುವುದು ಹೇಗೆ? ಗೊತ್ತಿರುವ ಒಂದು ಅಧ್ಯಯನವನ್ನು ಬಿಚ್ಚಿ ನೋಡಿ. 1974ರ ಲಾಫ್ಟಸ್ ಮತ್ತು ಪಾಮರ್ ಅವರದೇ ಆಗಲಿ. ವಾಹನ ಅಪಘಾತದ ಚಿತ್ರ ತೋರಿಸಿ, ಪ್ರಶ್ನೆಯ ಪದ ಬದಲಾದರೆ ವೇಗದ ಅಂದಾಜೂ ಬದಲಾಗುತ್ತದೆಯೇ ಎಂದು ಅವರು ನೋಡಿದರು. ಮೊದಲ ಪ್ರಯೋಗದಲ್ಲಿ 45 ವಿದ್ಯಾರ್ಥಿಗಳು, ಪ್ರಶ್ನೆಯಲ್ಲಿ ಐದು ಬೇರೆ ಬೇರೆ ಕ್ರಿಯಾಪದಗಳು, ಪ್ರತಿ ಗುಂಪಿನಲ್ಲಿ 9 ಜನ. ತೀವ್ರ ಪದಕ್ಕೆ ಸರಾಸರಿ ವೇಗದ ಅಂದಾಜು ಗಂಟೆಗೆ 40.5 ಮೈಲಿ, ಸೌಮ್ಯ ಪದಕ್ಕೆ 31.8. ಅಂಕಿಗಳನ್ನು ಉರುಹೊಡೆದು ನಿಲ್ಲಬೇಡಿ. ಒಬ್ಬರಿಗೇ ಐದೂ ಪದಗಳಲ್ಲಿ ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತು? ಉದ್ದೇಶವನ್ನು ಊಹಿಸಿಬಿಡುತ್ತಿದ್ದರು. ಬೇರೆ ಬೇರೆ ಗುಂಪು ಮಾಡಿದ್ದರಿಂದ ಬಂದ ತೊಂದರೆ? ವಾಹನಗಳ ಬಗ್ಗೆ ಅನುಭವ ಹೆಚ್ಚಿರುವವರು ಒಂದೇ ಗುಂಪಿಗೆ ಬಿದ್ದಿರಬಹುದು. ಹೀಗೆ ‘ಏಕೆ’ ಕೇಳುತ್ತಾ ನಾಲ್ಕೈದು ಅಧ್ಯಯನ ಬಿಚ್ಚಿದರೆ ಹೊಸ ಪ್ರಯೋಗ ಕಂಡಾಗ ಕೈ ನಡುಗುವುದಿಲ್ಲ.

ಕೊನೆಗೆ ಕ್ಯಾಲ್ಕುಲೇಟರ್. ಪ್ರಮಾಣ ವಿಚಲನೆಗೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಗೆ) ಅದರಲ್ಲಿ ಎರಡು ಆಯ್ಕೆ ಇರುತ್ತವೆ: ಎನ್‌ನಿಂದ ಭಾಗಿಸುವುದು, ಎನ್-1ರಿಂದ ಭಾಗಿಸುವುದು. ಮಾದರಿಯಿಂದ ಜನಸಮೂಹದ ವಿಚಲನೆಯನ್ನು ಅಂದಾಜಿಸಲು ಎರಡನೆಯದು ಬೇಕು. ಪರೀಕ್ಷೆಯ ಹಿಂದಿನ ದಿನವೇ 2, 4, 6 ಹಾಕಿ ಒತ್ತಿ ನೋಡಿ. ಉತ್ತರ 2 ಬಂದರೆ ಸರಿಯಾದ ಆಯ್ಕೆಯಲ್ಲಿದ್ದೀರಿ, 1.63 ಬಂದರೆ ಇನ್ನೊಂದಕ್ಕೆ ಬದಲಿಸಿ.